ಕಾರ್ಗಿಲ್‌ನಲ್ಲಿ ಶೆಲ್ ಚೂರು ತಗುಲಿದ್ದು, ದಾಖಲೆಯಲ್ಲಿ ‘ವಾಹನ ಅಪಘಾತ’ ಅಂತಿದೆ. ತಿದ್ದಿಸುವುದು ಹೇಗೆ?

ದ್ರಾಸ್‌_ಡ್ರೈವರ್

ಎಲ್ಲರಿಗೂ ಜೈ ಹಿಂದ್. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಎಎಸ್‌ಸಿಯಲ್ಲಿ, ಅಂದರೆ ಸೇನೆಯ ಸರಬರಾಜು ವಿಭಾಗದಲ್ಲಿ, ಡ್ರೈವರ್ ಆಗಿದ್ದವನು. ಹವಾಲ್ದಾರ್ ಆಗಿ 2007ರಲ್ಲಿ ಸರ್ವಿಸ್ ಮುಗಿಸಿ ಊರಿಗೆ ಬಂದೆ. 1999ರ ಜೂನ್ ಮೊದಲ ವಾರಗಳಲ್ಲಿ ನಮ್ಮ ಗಾಡಿಗಳು ದ್ರಾಸ್ ಕಡೆಯ ತೋಪುಗಳಿಗೆ ಮದ್ದುಗುಂಡು ಸಾಗಿಸುತ್ತಿದ್ದವು. ಆ ರಸ್ತೆಯಲ್ಲಿ ಓಡಾಡಿದವರಿಗೆ ನಾನು ಹೇಳಬೇಕಿಲ್ಲ. ತೋಲೋಲಿಂಗ್ ಇನ್ನೂ ನಮ್ಮ ಕೈಗೆ ಬಂದಿರಲಿಲ್ಲ. ಮೇಲೆ ಕೂತವನಿಗೆ ಶ್ರೀನಗರ-ಲೇಹ್ ಹೆದ್ದಾರಿ ಚೆನ್ನಾಗಿ ಕಾಣುತ್ತಿತ್ತು, ಹಗಲು ಗಾಡಿ ಕಂಡರೆ ಸಾಕು ಶೆಲ್ ಬೀಳುತ್ತಿತ್ತು, ಹಾಗಾಗಿ ರಾತ್ರಿ ಹೆಡ್‌ಲೈಟ್ ಆರಿಸಿಕೊಂಡು ಮುಂದಿನ ಗಾಡಿಯ ನೆರಳು ನೋಡಿಕೊಂಡು ಹೋಗುತ್ತಿದ್ದೆವು.

ಅಂಥ ಒಂದು ರಾತ್ರಿ ನನ್ನ ಬಲಗಡೆ ಶೆಲ್ ಬಿತ್ತು. ಲೋಡ್ ಇಳಿಸಿ ಖಾಲಿ ಗಾಡಿ ತರುತ್ತಿದ್ದೆ, ಅದೇ ಪುಣ್ಯ. ಅದರ ಚೂರು ಬಾಗಿಲು ಹರಿದು ಒಳಕ್ಕೆ ಬಂತು. ತೊಡೆಗೆ ಬೆಂಕಿ ಇಟ್ಟ ಹಾಗಾಯಿತು, ಸ್ಟೇರಿಂಗ್ ಕೈ ತಪ್ಪಿತು, ಗಾಡಿ ರಸ್ತೆ ಇಳಿದು ಮಗುಚಿತು. ಮೊಣಕಾಲ ಕೆಳಗಿನ ಮೂಳೆ ಮುರಿದದ್ದು ಮಗುಚಿದಾಗ. ತೊಡೆಯ ಗಾಯ ಅದಕ್ಕೂ ಮೊದಲೇ ಆಗಿತ್ತು. ಜೊತೆಗಿದ್ದ ಕೋ-ಡ್ರೈವರ್ ನನ್ನನ್ನು ಎಳೆದು ಹೊರಗೆ ಹಾಕಿದ. ಅಲ್ಲಿಂದ ಎಡಿಎಸ್ (ಮುಂಚೂಣಿಯ ಚಿಕಿತ್ಸಾ ಕೇಂದ್ರ), ಬೆಳಿಗ್ಗೆ ಹೆಲಿಕಾಪ್ಟರ್‌ನಲ್ಲಿ ಶ್ರೀನಗರದ ಆಸ್ಪತ್ರೆ.

ಆಮೇಲೆ ಲೋ ಮೆಡಿಕಲ್ ಕ್ಯಾಟಗರಿಯಲ್ಲಿ (ಪೂರ್ತಿ ಫಿಟ್ ಅಲ್ಲ ಅನ್ನುವ ವರ್ಗ) ಸರ್ವಿಸ್ ಮುಂದುವರಿಸಿದರು. ಬಿಡುಗಡೆಯಾಗುವಾಗ ಮೆಡಿಕಲ್ ಬೋರ್ಡ್ 30% ಅಂಗವೈಕಲ್ಯ, ಸರ್ವಿಸ್‌ನಿಂದಲೇ ಆದದ್ದು ಅಂತ ಬರೆಯಿತು. ಡಿಸಬಿಲಿಟಿ ಪಿಂಚಣಿ ಬರುತ್ತಿದೆ. ಅದರ ಬಗ್ಗೆ ತಕರಾರು ಎತ್ತಬೇಕು ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಈಗ ಬಂದದ್ದು ಹೀಗೆ. ಮಂಡಿ ಊತ ಜಾಸ್ತಿಯಾಗಿ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಮೂಲಕ ಆಸ್ಪತ್ರೆಗೆ ಹೋದೆ. ಎಂಆರ್‌ಐ ಬರೆದುಕೊಟ್ಟರು. ಟೇಬಲ್ ಮೇಲೆ ಮಲಗಿಸುವ ಮೊದಲು ಅಲ್ಲಿನ ಹುಡುಗ ಮೈಯಲ್ಲಿ ಲೋಹ ಏನಾದರೂ ಇದೆಯಾ ಅಂತ ಕೇಳಿದ. ಶೆಲ್ ಚೂರು ಇರಬಹುದಪ್ಪ ಅಂದೆ. ಎಕ್ಸ್‌ರೇ ತೆಗೆದರು. ತೊಡೆಯಲ್ಲಿ ಮೂರು ಬಿಳಿ ಚುಕ್ಕೆ, ಒಂದು ಹುಣಸೆ ಬೀಜದಷ್ಟಿದೆ. ಎಂಆರ್‌ಐ ಆಗಲ್ಲ ಅಂದುಬಿಟ್ಟರು. ಡಾಕ್ಟರ್ ನನ್ನ ಹಳೇ ಕಾಗದ ತರಿಸಿ ನೋಡಿ, ‘ಇದರಲ್ಲಿ ವಾಹನ ಅಪಘಾತ ಅಂತಿದೆಯಲ್ಲ, ಗಾಡಿ ಅಪಘಾತದಲ್ಲಿ ತೊಡೆಯ ಒಳಗೆ ಉಕ್ಕು ಹೇಗೆ ಹೋಯಿತು?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇದೆ, ಕಾಗದದಲ್ಲಿ ಇಲ್ಲ.

ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಬರೆದೆ. ‘ಇಂಜುರಿ ರಿಪೋರ್ಟ್ ಪ್ರಕಾರ ಕರ್ತವ್ಯದಲ್ಲಿದ್ದಾಗ ವಾಹನ ಮಗುಚಿ ಗಾಯ, ಬ್ಯಾಟಲ್ ಕ್ಯಾಶುವಲ್ಟಿ (ಯುದ್ಧದ ಗಾಯಾಳು) ಅಲ್ಲ’ ಅಂತ ನಾಲ್ಕು ಸಾಲಿನ ಉತ್ತರ ಬಂತು. ಗಾಡಿ ಮಗುಚಿದ್ದು ಸುಳ್ಳಲ್ಲ. ಯಾಕೆ ಮಗುಚಿತು ಅನ್ನುವುದನ್ನೇ ಯಾರೂ ಬರೆದಿಲ್ಲ.

ನನಗೆ ಬೇಕಾದದ್ದು ಇದು ಶತ್ರುವಿನ ಶೆಲ್‌ನಿಂದ ಆದ ಗಾಯ ಅಂತ ದಾಖಲೆಯಲ್ಲಿ ಬರಬೇಕು. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರಾಕ್ರಮ ಪದಕಕ್ಕೆ ಅರ್ಹತೆ ಇದ್ದರೆ ಅದೂ ಬರಲಿ. ಇಷ್ಟು ವರ್ಷದ ಮೇಲೆ ಇದು ಸಾಧ್ಯವಾ? ಎಲ್ಲಿಂದ ಶುರು ಮಾಡಲಿ?

---

ಹಳೇ_ಹೆಡ್‌ಕ್ಲರ್ಕ್

ಜೈ ಹಿಂದ್ ಅಣ್ಣ. ನಾನು ಯೂನಿಟ್‌ನಲ್ಲೂ ರೆಕಾರ್ಡ್ಸ್‌ನಲ್ಲೂ ಕ್ಲರ್ಕ್ ಕೆಲಸ ಮಾಡಿದವನು. ಸಾಧ್ಯ ಇದೆ. ಆದರೆ ನೀವು ಕೇಳುತ್ತಿರುವುದು ಒಂದಲ್ಲ, ಮೂರು. ಗಾಯದ ವರ್ಗೀಕರಣ ಬೇರೆ, ಪಿಂಚಣಿ ಬೇರೆ, ಪದಕ ಬೇರೆ. ಒಂದೇ ಅರ್ಜಿಯಲ್ಲಿ ಮೂರನ್ನೂ ಕಲಸಿ ಬರೆದರೆ ಯಾವ ಟೇಬಲ್‌ಗೂ ಸೇರದೆ ಸುತ್ತುತ್ತದೆ, ಕೊನೆಗೆ ಆ ನಾಲ್ಕು ಸಾಲಿನ ಉತ್ತರವೇ ಮತ್ತೆ ಬರುತ್ತದೆ.

ಬುಡ ಇರುವುದು ಪಾರ್ಟ್ 2 ಆರ್ಡರ್‌ನಲ್ಲಿ, ಅಂದರೆ ಸೈನಿಕನ ಸರ್ವಿಸ್ ವಿವರ ದಾಖಲಿಸುವ ಯೂನಿಟ್ ಆದೇಶದಲ್ಲಿ. ನಿಮ್ಮ ಗಾಯದ ಬಗ್ಗೆ ಯೂನಿಟ್ ಹೊರಡಿಸಿದ ಪಾರ್ಟ್ 2 ಆರ್ಡರ್ ಏನು ಹೇಳುತ್ತದೋ ಶೀಟ್ ರೋಲ್‌ನಲ್ಲಿ (ಸರ್ವಿಸ್ ದಾಖಲೆ) ಅದೇ ಏರುತ್ತದೆ, ಪಿಪಿಒಗೂ (ಪಿಂಚಣಿ ಪಾವತಿ ಆದೇಶ) ಅದೇ ಹೋಗುತ್ತದೆ. ಬ್ಯಾಟಲ್ ಕ್ಯಾಶುವಲ್ಟಿಯೋ ಫಿಸಿಕಲ್ ಕ್ಯಾಶುವಲ್ಟಿಯೋ (ಯುದ್ಧದಿಂದ ಆಗದ ಗಾಯ, ಸಾವು) ಅನ್ನುವುದು ಅಲ್ಲಿ ತೀರ್ಮಾನವಾದರೆ ಉಳಿದ ಎರಡು ಅದರ ಹಿಂದೆ ಬರುತ್ತವೆ. ಅದು ಹಾಗೇ ಇದ್ದರೆ ಪದಕಕ್ಕೆ ಎಷ್ಟು ಪತ್ರ ಬರೆದರೂ ಪ್ರಯೋಜನ ಇಲ್ಲ.

ನಿಮ್ಮದು ಹೇಗೆ ಆಗಿರುತ್ತದೆ ಅಂತ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಗಾಯಾಳು ಆಸ್ಪತ್ರೆಯಲ್ಲಿ ಇರುತ್ತಾನೆ. ಕಾನ್ವಾಯ್ ಮುಂದೆ ಹೋಗಿರುತ್ತದೆ. ಗಾಡಿ ಹಾಳಾಗಿದೆ, ಅದಕ್ಕೆ ಲೆಕ್ಕ ಕೊಡಬೇಕು, ಗಾಡಿಯ ಫೈಲ್ ಮೊದಲು ಓಡುತ್ತದೆ. ವಾರಗಳ ಮೇಲೆ ಆಸ್ಪತ್ರೆಯಿಂದ ಇಂಜುರಿ ರಿಪೋರ್ಟ್ ಕಳಿಸಿ ಅಂತ ಜ್ಞಾಪನ ಬರುತ್ತದೆ. ಹಿಂದೆ ಉಳಿದ ಕ್ಲರ್ಕ್ ಗಾಡಿಯ ಫೈಲ್ ನೋಡಿ ಐಎಎಫ್‌ವೈ-2006 ಫಾರ್ಮ್ ತುಂಬುತ್ತಾನೆ. ಗಾಡಿಗೆ ಬರೆದ ಕಾರಣವೇ ಮನುಷ್ಯನಿಗೂ ಬಂದುಬಿಡುತ್ತದೆ. ಯಾರದೂ ದುರುದ್ದೇಶ ಇರಲಿಕ್ಕಿಲ್ಲ, ಆದರೆ ನಷ್ಟ ಮಾತ್ರ ಜೀವನಪೂರ್ತಿ ನಿಮ್ಮದೇ.

ಇಲ್ಲಿ ಒಂದು ಮಾತು ತಿಳಿದುಕೊಳ್ಳಿ. ರೆಕಾರ್ಡ್ ಆಫೀಸ್ ನಿಮ್ಮ ಮಾತು ಕೇಳಿ ತೀರ್ಪು ಕೊಡುವ ಜಾಗ ಅಲ್ಲ. ಅದು ಕಾಗದಕ್ಕೆ ಕಾಗದ ತಾಳೆ ನೋಡುತ್ತದೆ. ಒಂದೇ ಘಟನೆಗೆ ಸರ್ಕಾರದ್ದೇ ಎರಡು ಕಾಗದ ಬೇರೆ ಬೇರೆ ಹೇಳುತ್ತಿವೆ ಅಂತ ತೋರಿಸಿದರೆ ಆಗ ಅವರಿಗೆ ಸುಮ್ನೆ ಕೂರಲು ಆಗಲ್ಲ. ಆದ್ದರಿಂದ ಮೊದಲ ಕೆಲಸ ಆ ಎರಡನೇ ಕಾಗದ ಹುಡುಕುವುದು.

ಆರ್‌ಟಿಐ ಹಾಕಿ. ಆನ್‌ಲೈನ್‌ನಲ್ಲೇ ಆಗುತ್ತದೆ, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಮೊದಲ ಮೇಲ್ಮನವಿ. ನಿಮ್ಮ ಸ್ವಂತ ದಾಖಲೆ ಕೇಳುತ್ತಿದ್ದೀರಿ, ಕಾರಣ ಬರೆಯಬೇಕಿಲ್ಲ. ‘ನನ್ನ ಎಲ್ಲಾ ದಾಖಲೆ ಕೊಡಿ’ ಅಂತ ಬರೆಯಬೇಡಿ, ಹೆಸರು ಹಿಡಿದು ಕೇಳಿ: ಐಎಎಫ್‌ವೈ-2006, ಆ ಗಾಯದ ಪಾರ್ಟ್ 2 ಆರ್ಡರ್, ಕೋರ್ಟ್ ಆಫ್ ಎನ್‌ಕ್ವೈರಿ (ಸೇನೆಯ ಒಳಗಿನ ವಿಚಾರಣೆ) ಆಗಿದ್ದರೆ ಅದರ ಪ್ರತಿ, ಕ್ಯಾಟಗರಿ ಕೊಟ್ಟ ಎಎಫ್‌ಎಂಎಸ್‌ಎಫ್-15, ಬಿಡುಗಡೆ ವೇಳೆಯ ಎಎಫ್‌ಎಂಎಸ್‌ಎಫ್-16, ಆಸ್ಪತ್ರೆಯ ಕೇಸ್ ಶೀಟ್. ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಆಸ್ಪತ್ರೆಗೆ ಪ್ರತ್ಯೇಕವಾಗಿಯೂ ಒಂದು ಆರ್‌ಟಿಐ ಹಾಕಿ. ಆಸ್ಪತ್ರೆಯ ಕಾಗದಗಳನ್ನು ಸರ್ವಿಸ್ ದಾಖಲೆಯಷ್ಟು ಕಾಲ ಇಡುವುದಿಲ್ಲ, ಅಲ್ಲಿ ಸಿಗದಿದ್ದರೆ ಅದರ ಪ್ರತಿ ನಿಮ್ಮ ಸರ್ವಿಸ್ ಫೈಲ್‌ಗೇ ಲಗತ್ತಾಗಿ ಉಳಿದಿರುವ ಸಾಧ್ಯತೆ ಇದೆ.

ಇನ್ನೊಂದು. ನಿಮಗೆ ಕಾರ್ಗಿಲ್ ಕಾರ್ಯಾಚರಣೆಯ ಆಪರೇಷನ್ ವಿಜಯ್ ಸ್ಟಾರ್ ಬಂದಿದೆಯಾ, ಮೆಡಲ್ ಬಂದಿದೆಯಾ? ಸ್ಟಾರ್ ಬಂದಿದ್ದರೆ ನೀವು ಕದನ ವಲಯದಲ್ಲೇ ಇದ್ದಿರಿ ಅನ್ನುವುದನ್ನು ಸೇನೆಯೇ ಒಪ್ಪಿಕೊಂಡ ಹಾಗೆ.

---

ದ್ರಾಸ್‌_ಡ್ರೈವರ್

ಸ್ಟಾರ್ ಬಂದಿದೆ ಅಣ್ಣ, ಡಿಸ್ಚಾರ್ಜ್ ಬುಕ್‌ನಲ್ಲೂ ಎಂಟ್ರಿ ಇದೆ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಒಂದು ನನ್ನ ಟ್ರಂಕ್‌ನಲ್ಲಿ ಸಿಕ್ಕಿತು. ಮಡಿಕೆಯ ಜಾಗದಲ್ಲಿ ಹರಿದಿದೆ, ಮೇಲಿನ ಸಾಲು ಅರ್ಧ ಹೋಗಿದೆ. ಓದಲು ಬರುವುದು ಮೂಳೆ ಮುರಿತದ ಸಾಲು, ಅದರ ಕೆಳಗೆ ‘ಡೀಬ್ರೈಡ್‌ಮೆಂಟ್’, ‘ಡಿಪಿಸಿ’ ಅಂತ ಇಂಗ್ಲಿಷ್‌ನಲ್ಲಿ. ಶೆಲ್, ಸ್ಪ್ಲಿಂಟರ್ ಅನ್ನುವ ಪದ ಕಾಣುತ್ತಿಲ್ಲ.

---

ಎಂಎನ್‌ಎಸ್‌_ಅಕ್ಕ

ಆ ಕಾಗದ ಜೋಪಾನ ಮಾಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಹಾಗೇ ಒಂದು ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ ಇಡಿ. ನಾನು ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿದ್ದವಳು, ಸರ್ಜಿಕಲ್ ವಾರ್ಡ್‌ಗಳಲ್ಲೇ ಜಾಸ್ತಿ ಕೆಲಸ ಮಾಡಿದ್ದೇನೆ. ನೀವು ಓದಿದ ಆ ಎರಡು ಪದ ನಿಮ್ಮ ಪರವಾಗಿ ಮಾತಾಡುತ್ತಿವೆ.

ಡಿಪಿಸಿ ಅಂದರೆ ಗಾಯವನ್ನು ಆ ದಿನವೇ ಹೊಲಿಯದೆ, ತೆರೆದೇ ಬಿಟ್ಟು, ಕೆಲವು ದಿನದ ಮೇಲೆ ಕೀವು ಇಲ್ಲ ಅಂತ ಖಾತ್ರಿಯಾದ ನಂತರ ಹೊಲಿಯುವುದು. ಗುಂಡು, ಶೆಲ್ ಚೂರಿನ ಗಾಯಕ್ಕೆ ಯುದ್ಧಭೂಮಿಯ ಶಸ್ತ್ರಚಿಕಿತ್ಸೆಯಲ್ಲಿ ಇದೇ ಪದ್ಧತಿ. ಯಾಕೆ ಅಂದರೆ ಶೆಲ್ ಚೂರು ಒಂಟಿಯಾಗಿ ಒಳಗೆ ಹೋಗುವುದಿಲ್ಲ. ಬಟ್ಟೆಯ ನೂಲು, ಮಣ್ಣು, ಗಾಡಿಯ ಬಣ್ಣ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ, ಜೊತೆಗೆ ಅದರ ವೇಗಕ್ಕೆ ಸುತ್ತಲಿನ ಮಾಂಸವೂ ಸಾಯುತ್ತದೆ. ಸತ್ತ ಮಾಂಸ ಕತ್ತರಿಸಿ ತೆಗೆಯುವುದೇ ಡೀಬ್ರೈಡ್‌ಮೆಂಟ್. ಮೇಲೆ ಹೊಲಿದುಬಿಟ್ಟರೆ ಒಳಗೆ ಕೊಳೆತು ಕಾಲೇ ಹೋಗಬಹುದು. ತುಂಬಾ ಗಲೀಜಾದ ಅಪಘಾತದ ಗಾಯಕ್ಕೂ ಹೀಗೆ ಮಾಡುವುದುಂಟು, ಹಾಗಾಗಿ ಇದೊಂದೇ ಸಾಕ್ಷಿ ಅಂತ ಹೇಳಲಾರೆ. ಆದರೆ ತೊಡೆಯ ಗಾಯ ಒಂದು ಕಡೆ, ಮುರಿದ ಮೂಳೆ ಇನ್ನೊಂದು ಕಡೆ, ತೊಡೆಯ ಗಾಯಕ್ಕೆ ಡಿಪಿಸಿ, ಒಳಗೆ ಇನ್ನೂ ಲೋಹ. ಇವೆಲ್ಲಾ ಒಟ್ಟಿಗೆ ಇಟ್ಟರೆ ಗಾಡಿ ಮಗುಚಿದ ಕಥೆ ಒಂದೇ ನಿಲ್ಲುವುದಿಲ್ಲ.

ನೆನಪು ಮಾಡಿಕೊಳ್ಳಿ, ವಾರ್ಡ್‌ನಲ್ಲಿ ನಿಮ್ಮ ತೊಡೆಗೆ ದೊಡ್ಡ ಹತ್ತಿಬಟ್ಟೆ ಸುತ್ತಿ ಹಾಗೇ ಬಿಟ್ಟಿದ್ದರಾ, ಆಮೇಲೆ ಮತ್ತೆ ಆಪರೇಷನ್ ಥಿಯೇಟರ್‌ಗೆ ಕರೆದುಕೊಂಡು ಹೋದರಾ? ಹಾಗಿದ್ದರೆ ನಿಮ್ಮ ಅಫಿಡವಿಟ್‌ನಲ್ಲಿ ಅದನ್ನೂ ಬರೆಯಿರಿ.

ಚೂರು ಯಾಕೆ ಒಳಗೇ ಬಿಟ್ಟರು ಅಂತ ಯಾರಾದರೂ ಕೇಳಿದರೆ ಗಾಬರಿಯಾಗಬೇಡಿ. ಆಳದಲ್ಲಿ, ನರ ರಕ್ತನಾಳದ ಹತ್ತಿರ ಇರುವ ಸಣ್ಣ ಚೂರನ್ನು ಹುಡುಕಿ ತೆಗೆಯಲು ಹೋದರೆ ಹಾನಿಯೇ ಜಾಸ್ತಿ. ಸರ್ಜನ್‌ಗಳು ಬೇಕೆಂದೇ ಬಿಡುತ್ತಾರೆ.

ಈಗ ಮಾಡಬೇಕಾದ್ದು: ಆ ಎಕ್ಸ್‌ರೇಗೆ ರೇಡಿಯಾಲಜಿಸ್ಟ್ ಹತ್ತಿರ ಸರಿಯಾದ ವರದಿ ಬರೆಸಿಕೊಳ್ಳಿ. ಎಷ್ಟು ಚೂರು, ಯಾವ ಗಾತ್ರ, ಅಂಚು ಹೇಗಿದೆ, ಚರ್ಮದಿಂದ ಎಷ್ಟು ಆಳ, ಮೇಲಿನ ಕಲೆ ಯಾವ ಜಾಗದಲ್ಲಿದೆ ಇಷ್ಟೂ ಬರಲಿ. ಸಾಧ್ಯವಾದರೆ ಒಂದು ಸಿಟಿ ಸ್ಕ್ಯಾನ್ ಮಾಡಿಸಿ, ಅದಕ್ಕೆ ಲೋಹ ಇದ್ದರೂ ಅಪಾಯ ಇಲ್ಲ. ಎಂಆರ್‌ಐ ಮಾತ್ರ ಡಾಕ್ಟರ್ ಪೂರ್ತಿ ನೋಡಿ ಒಪ್ಪದೆ ಯಾವ ಕಾರಣಕ್ಕೂ ಬೇಡ, ಆಯಸ್ಕಾಂತಕ್ಕೆ ಉಕ್ಕಿನ ಚೂರು ಕದಲಬಹುದು. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಇದನ್ನು ಮೊದಲೇ ಹೇಳಿ, ಮನೆಯವರಿಗೂ ಹೇಳಿಡಿ.

---

ಗನ್ನರ್‌_ಗೌಡ

ಅಣ್ಣ, ನಿಮ್ಮ ಗಾಡಿಗಳು ತಂದ ಶೆಲ್‌ಗಳನ್ನೇ ನಾವು ಹಾರಿಸಿದ್ದು. ನಿಮ್ಮಂಥವರಿಗೆ ಹೀಗಾದರೆ ಹೊಟ್ಟೆ ಉರಿಯುತ್ತದೆ.

ನನ್ನ ಸಲಹೆ ನೇರವಾಗಿ ಹೇಳುತ್ತೇನೆ. ಪದಕದ ಆಸೆ ಬಿಡಿ, ಪಿಂಚಣಿ ಹಿಡಿದುಕೊಳ್ಳಿ. ಪರಾಕ್ರಮ ಪದಕಕ್ಕೆ ತಿಂಗಳ ಭತ್ಯೆ ಇಲ್ಲ. ವಾರ್ ಇಂಜುರಿ ಪಿಂಚಣಿಗಾದರೆ ಪ್ರತಿ ತಿಂಗಳು ದುಡ್ಡು ಬರುತ್ತದೆ, ಮುಂದೆ ಮಂಡಿಗೆ ಆಪರೇಷನ್ ಅಂತ ಬಂದರೆ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ನಿಮಗೂ ನನಗೂ ವಯಸ್ಸು ಹಿಂದಕ್ಕೆ ಹೋಗುವುದಿಲ್ಲ, ಇರುವ ಶಕ್ತಿಯನ್ನು ಒಂದು ಕಡೆ ಹಾಕಿ.

---

ಸಿಪಾಯಿ_ಮಗಳು

ಗೌಡರೇ, ನಿಮ್ಮ ಕಾಳಜಿ ಅರ್ಥ ಆಗುತ್ತದೆ, ಆದರೆ ಪದಕ ಬಿಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ನಮ್ಮ ಅಪ್ಪನಿಗೆ 1971ರಲ್ಲಿ ಗುಂಡು ತಗುಲಿತ್ತು. ಪಿಂಚಣಿಯ ವಿಷಯ ಹೇಗೋ ಸರಿಹೋಗಿತ್ತು. ಪದಕ ಮಾತ್ರ ಬಂದಿರಲಿಲ್ಲ, ಅದಕ್ಕೆ ಅವರೇ ಕೂತು ಕೂತು ಪತ್ರ ಬರೆದರು, ಬಹಳ ತಡವಾಗಿ ಬಂತು. ಬಿಳಿ ರಿಬ್ಬನ್, ನಡುವೆ ಕೆಂಪು ಪಟ್ಟಿ. ಅದು ಬಂದ ಮೇಲೆ ಅಪ್ಪ ಮೊದಲ ಸಲ ಅಮ್ಮನ ಮುಂದೆ ಆ ದಿನದ ಬಗ್ಗೆ ಮಾತಾಡಿದರು. ಅಲ್ಲಿವರೆಗೆ ಯಾರಾದರೂ ಕುಂಟು ಯಾಕೆ ಅಂತ ಕೇಳಿದರೆ ‘ಬಿದ್ದಿದ್ದೆ’ ಅಂದುಬಿಡುತ್ತಿದ್ದರು. ಇದಕ್ಕೆ ಎಷ್ಟು ರೂಪಾಯಿ ಅಂತ ಲೆಕ್ಕ ಹಾಕುವುದು?

ಈ ಪದಕ 1973ರಲ್ಲಿ ಶುರುವಾದದ್ದು. ಶರ್ತ ಒಂದೇ, ಶತ್ರುವಿನ ನೇರ ಕಾರ್ಯಾಚರಣೆಯಿಂದ ಗಾಯ ಆಗಿರಬೇಕು. ನಿಮ್ಮ ಮೇಲೆ ಬಿದ್ದದ್ದು ಪಾಕಿಸ್ತಾನದ ಶೆಲ್. ಅದು ಸಾಬೀತಾದರೆ ಪದಕ ನಿಮ್ಮ ಹಕ್ಕು, ಯಾರ ದಯೆಯೂ ಅಲ್ಲ. ಆದ್ದರಿಂದ ಅರ್ಜಿಯಲ್ಲಿ ‘ಶೆಲ್’ ಮೊದಲು ಬರಲಿ, ‘ಗಾಡಿ’ ಆಮೇಲೆ ಬರಲಿ.

ಕೋ-ಡ್ರೈವರ್ ಈಗ ಎಲ್ಲಿದ್ದಾರೆ? ಅವರನ್ನು ಹುಡುಕಿ. ಅಪ್ಪನ ವಿಷಯದಲ್ಲಿ ಒಟ್ಟಿಗಿದ್ದ ಒಬ್ಬರ ಹೇಳಿಕೆಯೇ ಕೆಲಸ ಮಾಡಿದ್ದು. ನಿಮ್ಮ ಬೆಟಾಲಿಯನ್‌ನವರ ವಾಟ್ಸ್ಆ್ಯಪ್ ಗುಂಪು ಇರುತ್ತದೆ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಿ, ಬೇರೆ ರಾಜ್ಯದವರಾಗಿದ್ದರೆ ಅಲ್ಲಿನ ಸೈನಿಕ ಬೋರ್ಡ್‌ಗೆ ಬರೆಯಿರಿ. ಅವರ ಅಫಿಡವಿಟ್ ನೋಟರಿ ಮುಂದೆ ಆಗಲಿ, ಅವರ ಸರ್ವಿಸ್ ನಂಬರ್, ಆ ದಿನ ಅದೇ ಗಾಡಿಯಲ್ಲಿ ಇದ್ದದ್ದು, ಶೆಲ್ ಎಲ್ಲಿ ಬಿತ್ತು, ನಿಮ್ಮನ್ನು ಹೇಗೆ ಎಳೆದರು, ರಕ್ತ ಎಲ್ಲಿಂದ ಬರುತ್ತಿತ್ತು, ಇವು ಅವರದೇ ಮಾತಿನಲ್ಲಿ ಇರಲಿ. ನೀವು ಬರೆದುಕೊಟ್ಟು ಅವರು ಸಹಿ ಹಾಕುವುದು ಬೇಡ. ಎರಡೂ ಅಫಿಡವಿಟ್ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ ಎದುರಿನವರು ಅದನ್ನೇ ಹಿಡಿದುಕೊಳ್ಳುತ್ತಾರೆ.

---

ಕೊಡಗಿನ_ವಕೀಲ

ಸೇನಾ ಪಿಂಚಣಿ ಕೇಸ್‌ಗಳನ್ನು ನೋಡುತ್ತೇನೆ. ಮೇಲಿನವರು ಹೇಳಿದ್ದು ಬಹುಪಾಲು ಸರಿ. ಕಾನೂನಿನ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಪತ್ರ ಗಾಯ, ಸಾವುಗಳನ್ನು ಎ ಇಂದ ಇ ವರೆಗೆ ಐದು ವರ್ಗ ಮಾಡಿದೆ. ಕರ್ತವ್ಯದಲ್ಲಿ ಆದ ಅಪಘಾತ ಸಿ. ಯುದ್ಧ, ಗಡಿ ಚಕಮಕಿ, ಸರ್ಕಾರ ಅಧಿಸೂಚಿಸಿದ ಕಾರ್ಯಾಚರಣೆಯಲ್ಲಿ ಶತ್ರುವಿನಿಂದ ಆದದ್ದು ಇ. ನಿಮ್ಮನ್ನು ಸಿಯಲ್ಲಿ ಕೂರಿಸಿದ್ದಾರೆ, ನೀವು ಇರಬೇಕಾದದ್ದು ಇಯಲ್ಲಿ. ನಿಮ್ಮ ಜಗಳ ಪೂರ್ತಿ ಈ ಒಂದು ಅಕ್ಷರದ ಮೇಲೆ.

ದುಡ್ಡಿನ ವ್ಯತ್ಯಾಸ ಹೇಳುತ್ತೇನೆ. ಸರ್ವಿಸ್‌ನಲ್ಲಿ ಉಳಿಸಿಕೊಂಡು ಆಮೇಲೆ ಬಿಡುಗಡೆಯಾದವರಿಗೆ 100% ಅಂಗವೈಕಲ್ಯಕ್ಕೆ ಡಿಸಬಿಲಿಟಿ ಎಲಿಮೆಂಟ್ (ಪಿಂಚಣಿಯಲ್ಲಿ ಅಂಗವೈಕಲ್ಯಕ್ಕೆಂದು ಸೇರುವ ಭಾಗ) ಕೊನೆಯ ವೇತನದ 30%, ವಾರ್ ಇಂಜುರಿ ಎಲಿಮೆಂಟ್ 60%. ಅಂದರೆ ದುಪ್ಪಟ್ಟು. ಜೊತೆಗೆ 50%ಗಿಂತ ಕಮ್ಮಿ ಇರುವ ಅಂಗವೈಕಲ್ಯವನ್ನು 50% ಅಂತ ಎಣಿಸುವ ಲಾಭ ಇದೆ. ಅದನ್ನು ಸರ್ವಿಸ್ ಪೂರ್ತಿ ಮುಗಿಸಿ ಬಂದವರಿಗೂ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ಹೇಳಿದೆ, ರಾಮ್ ಅವತಾರ್ ಕೇಸ್ ಅಂದರೆ ಎಲ್ಲರಿಗೂ ಗೊತ್ತು. ಹಾಗೆ ನಿಮ್ಮ 30% ಅನ್ನು 50% ಅಂತ ಹಿಡಿದರೆ, ವೇತನದ ಪ್ರತಿ 10,000 ರೂಪಾಯಿಗೆ ಡಿಸಬಿಲಿಟಿ ಎಲಿಮೆಂಟ್ 1,500, ವಾರ್ ಇಂಜುರಿ ಎಲಿಮೆಂಟ್ 3,000. ನಿಮ್ಮ ಪಿಪಿಒ ತೆಗೆದು ನೋಡಿ, 30% ಮೇಲೆಯೇ ಕೊಡುತ್ತಿದ್ದರೆ ಆ ಬೇಡಿಕೆಯನ್ನೂ ಸೇರಿಸಬೇಕು. ಹಾಗೇ ಬಿಡುಗಡೆ ವೇಳೆ ಎಲಿಮೆಂಟ್ ಬದಲು ಒಂದೇ ಸಲದ ಪರಿಹಾರ ತೆಗೆದುಕೊಂಡಿಲ್ಲ ಅಲ್ವಾ? ನೀವು ಪ್ರತಿ ತಿಂಗಳು ಬರುತ್ತಿದೆ ಅಂದಿದ್ದೀರಿ, ಆದರೂ ಖಾತ್ರಿ ಮಾಡಿಕೊಳ್ಳಿ.

ಈಗ ತಡದ ವಿಷಯ. ಪಿಂಚಣಿ ಕಮ್ಮಿ ಕೊಡುವುದು ತಿಂಗಳು ತಿಂಗಳು ನಡೆಯುವ ಅನ್ಯಾಯ. 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ತಡವಾಯಿತು ಅಂತ ಬೇಡಿಕೆಯನ್ನೇ ತಳ್ಳಿಹಾಕಲು ಆಗಲ್ಲ, ಆದರೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಮಾತ್ರ. ಪದಕಕ್ಕೆ ಈ ರಕ್ಷಣೆ ಅಷ್ಟು ಸುಲಭವಾಗಿ ಸಿಗುವುದಿಲ್ಲ, ಅದು ತಿಂಗಳು ತಿಂಗಳು ಬರುವ ಹಕ್ಕಲ್ಲ. ಅದಕ್ಕೇ ಹೇಳುವುದು, ಹೆಡ್‌ಕ್ಲರ್ಕ್ ಅಣ್ಣ ಹೇಳಿದ ಕ್ರಮ ಸರಿ. ವರ್ಗೀಕರಣ ತಿದ್ದಿಸುವುದನ್ನೇ ಮುಖ್ಯ ಬೇಡಿಕೆ ಮಾಡಿ, ಪಿಂಚಣಿಯನ್ನೂ ಪದಕವನ್ನೂ ಅದರಿಂದ ಬರುವ ಪರಿಹಾರವಾಗಿ ಕೇಳಿ. ಮಗಳ ಮಾತೂ ಸರಿ, ಪದಕ ಬಿಡಬೇಕಿಲ್ಲ.

ಇನ್ನು ‘ಗಾಡಿ ಮಗುಚಿದ್ದು ಯುದ್ಧದ ಗಾಯ ಅಲ್ಲ’ ಅನ್ನುವ ವಾದ. 2003ರ ಆರ್ಮಿ ಆರ್ಡರ್ 1 ತರಿಸಿ ಓದಿ. ಬ್ಯಾಟಲ್ ಕ್ಯಾಶುವಲ್ಟಿ ಅಂದರೆ ಗುಂಡು ತಗುಲಿದ್ದು ಮಾತ್ರ ಅಂತ ಅದರಲ್ಲಿ ಇಲ್ಲ. ಗಡಿ, ಎಲ್‌ಒಸಿ ಹತ್ತಿರ ಮೈನ್ ಹೂಳುವಾಗ ಆಕಸ್ಮಿಕ ಸ್ಫೋಟವಾದರೂ ಸೇರುತ್ತದೆ, ಅಲ್ಲಿನ ಹವಾಮಾನದಿಂದ ಬಂದ ಕಾಯಿಲೆಯೂ ಸೇರುತ್ತದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದೇ ಆರ್ಡರ್ ಆಧಾರದ ಮೇಲೆ ಒಂದು ತೀರ್ಪು ಕೊಟ್ಟಿತು. ಎಲ್‌ಒಸಿ ಹತ್ತಿರ ಗಸ್ತಿನಲ್ಲಿದ್ದಾಗ ಕೆಟ್ಟ ಹವೆಯಲ್ಲಿ ಹೃದಯ ನಿಂತು ತೀರಿಕೊಂಡ ನಾಯಕ್ ಒಬ್ಬರದು. ಮೊದಲು ಬ್ಯಾಟಲ್ ಕ್ಯಾಶುವಲ್ಟಿ ಅಂತ ಬರೆದು, ಆಮೇಲೆ ಫಿಸಿಕಲ್ ಕ್ಯಾಶುವಲ್ಟಿ ಅಂತ ಬದಲಿಸಿದ್ದರು. ಅವರ ಪತ್ನಿಗೆ ಉದಾರೀಕೃತ (ಹೆಚ್ಚಿನ ದರದ) ಕುಟುಂಬ ಪಿಂಚಣಿ ಕೊಡಬೇಕು ಅಂತ ಸಶಸ್ತ್ರ ಪಡೆಗಳ ಟ್ರಿಬ್ಯೂನಲ್ ಹೇಳಿದ್ದನ್ನು ಕೋರ್ಟ್ ಎತ್ತಿಹಿಡಿಯಿತು. ಅಷ್ಟೇ ಅಲ್ಲ, ಮೇಲ್ಮನವಿಗೆ ಹೋದದ್ದಕ್ಕೆ ಸರ್ಕಾರಕ್ಕೆ 50,000 ರೂಪಾಯಿ ದಂಡ ವೆಚ್ಚವನ್ನೂ ಹಾಕಿತು. ಅವರದು ಕಾಯಿಲೆ, ನಿಮ್ಮದು ಶೆಲ್. ನಿಮ್ಮ ಆಧಾರ ಗಟ್ಟಿ ಇದೆ.

ದಾರಿ ಹೀಗೆ. ಕಾಗದ ಕೈಗೆ ಬಂದ ಮೇಲೆ ರೆಕಾರ್ಡ್ಸ್‌ನ ಮುಖ್ಯಾಧಿಕಾರಿಗೆ ಸಾಕ್ಷಿ ಸಮೇತ ಹೊಸ ಮನವಿ ಕೊಡಿ, ಪ್ರತಿಯನ್ನು ಸೇನಾ ಮುಖ್ಯಾಲಯದ ಅಡ್ಜುಟೆಂಟ್ ಜನರಲ್ ಶಾಖೆಗೂ ಕಳಿಸಿ, ಸ್ಪೀಡ್ ಪೋಸ್ಟ್‌ನಲ್ಲೇ ಹೋಗಲಿ. ಒಪ್ಪಿದರೆ ತಿದ್ದಿದ ಪಾರ್ಟ್ 2 ಆರ್ಡರ್ ಹೊರಡುತ್ತದೆ, ಅದರ ಮೇಲೆ ಪ್ರಯಾಗರಾಜ್‌ನ ಪಿಸಿಡಿಎ ಪಿಂಚಣಿ ಕಚೇರಿಯಿಂದ ತಿದ್ದುಪಡಿ ಪಿಪಿಒ ಬರುತ್ತದೆ, ಸ್ಪರ್ಶ್ ಪಿಂಚಣಿ ಪೋರ್ಟಲ್‌ನಲ್ಲಿ ನಿಮಗೆ ಕಾಣುತ್ತದೆ. ತಿರಸ್ಕರಿಸಿದರೆ ಆ ದಿನದಿಂದ ಆರು ತಿಂಗಳೊಳಗೆ ಸಶಸ್ತ್ರ ಪಡೆಗಳ ಟ್ರಿಬ್ಯೂನಲ್‌ಗೆ ಹೋಗಬೇಕು. ಉತ್ತರವೇ ಕೊಡದಿದ್ದರೆ ಮನವಿ ಕೊಟ್ಟ ಆರು ತಿಂಗಳು ಕಾಯಿರಿ, ಅದು ಮುಗಿದ ಮೇಲೆ ಮತ್ತೆ ಆರು ತಿಂಗಳ ಒಳಗೆ ಹೋಗಬಹುದು. ಕರ್ನಾಟಕದವರಿಗೆ ಕೊಚ್ಚಿ ಪೀಠ. ತಡ ಮನ್ನಿಸಲು ಒಂದು ಅರ್ಜಿ ಜೊತೆಗೇ ಹಾಕಬೇಕು, ಎಂಆರ್‌ಐ ಆಗದೆ ಎಕ್ಸ್‌ರೇಯಲ್ಲಿ ಚೂರು ಕಂಡದ್ದು ಯಾವಾಗ ಅನ್ನುವುದನ್ನು ಅದರಲ್ಲಿ ದಿನಾಂಕ ಸಮೇತ ಬರೆಯಬೇಕು.

ಈಗ ಬಂದಿರುವ ನಾಲ್ಕು ಸಾಲಿನ ಉತ್ತರದ ದಿನಾಂಕ ಎಷ್ಟು? ಆರು ತಿಂಗಳ ಲೆಕ್ಕ ಅದರಿಂದಲೇ ಶುರುವಾಯಿತು ಅಂತ ಎದುರಿನವರು ವಾದಿಸಬಹುದು.

---

ದ್ರಾಸ್‌_ಡ್ರೈವರ್

ವಕೀಲ ಸರ್, ಉತ್ತರ ಬಂದು ಎರಡು ತಿಂಗಳು ಆಗುತ್ತಾ ಬಂತು. ಒಂದೇ ಸಲದ ಪರಿಹಾರ ತೆಗೆದುಕೊಂಡಿಲ್ಲ, ಪಿಪಿಒದಲ್ಲಿ 30% ಅಂತಲೇ ಇದೆ, 50% ಮಾಡಿಲ್ಲ. ಈ ವಿಷಯ ನನಗೆ ಇವತ್ತೇ ಗೊತ್ತಾದದ್ದು.

ಸಿಸ್ಟರ್, ನೀವು ಕೇಳಿದ ಹಾಗೇ ಆಗಿತ್ತು. ಗಾಯ ತೆರೆದೇ ಇತ್ತು, ಗಾಜ್ ತುಂಬಿ ಕಟ್ಟಿದ್ದರು, ಅದನ್ನು ಬಿಚ್ಚುವಾಗ ಹಲ್ಲು ಕಚ್ಚಿಕೊಂಡು ಮಲಗುತ್ತಿದ್ದೆ. ಆಮೇಲೆ ಇನ್ನೊಂದು ಸಲ ಥಿಯೇಟರ್‌ಗೆ ಕರೆದುಕೊಂಡು ಹೋಗಿ ಹೊಲಿದರು. ಅದಕ್ಕೊಂದು ಅರ್ಥ ಇತ್ತು ಅಂತ ಈಗ ತಿಳಿಯಿತು.

ಕೋ-ಡ್ರೈವರ್ ಬಿಹಾರದವನು. ಗುಂಪಿನಲ್ಲಿ ಕೇಳಿದ್ದಕ್ಕೆ ಅವನ ಅಳಿಯನ ನಂಬರ್ ಸಿಕ್ಕಿತು, ಮಾತಾಡಿದೆ. ಅವನಿಗೆ ನನಗಿಂತ ಚೆನ್ನಾಗಿ ನೆನಪಿದೆ. ಅಫಿಡವಿಟ್ ಕೊಡುತ್ತೇನೆ ಅಂದಿದ್ದಾನೆ. ಹಿಂದಿಯಲ್ಲಿ ಬರೆದರೆ ನಡೆಯುತ್ತದಾ? ಇನ್ನೊಂದು ಹೆದರಿಕೆ ಇದೆ. ಕೇಸ್ ಅಂತ ಹೋದರೆ ಈಗ ಬರುತ್ತಿರುವ ಪಿಂಚಣಿ ನಿಲ್ಲಿಸುತ್ತಾರಾ? ಮನೆಯಲ್ಲಿ ಅದನ್ನೇ ಕೇಳುತ್ತಿದ್ದಾರೆ.

---

ಕೊಡಗಿನ_ವಕೀಲ

ಹಿಂದಿಯಲ್ಲಿ ಬರೆಯಲಿ, ತನಗೆ ಬರುವ ಭಾಷೆಯಲ್ಲಿ ಹೇಳಿದ್ದಕ್ಕೇ ತೂಕ ಜಾಸ್ತಿ. ಟ್ರಿಬ್ಯೂನಲ್‌ಗೆ ಹೋದರೆ ಇಂಗ್ಲಿಷ್ ಅನುವಾದ ಲಗತ್ತಿಸಿದರಾಯಿತು.

ಹಕ್ಕು ಕೇಳಿದ್ದಕ್ಕೆ ಪಿಂಚಣಿ ನಿಲ್ಲಿಸಲು ಯಾರಿಗೂ ಅಧಿಕಾರ ಇಲ್ಲ. ಮನೆಯವರಿಗೆ ಧೈರ್ಯವಾಗಿ ಹೇಳಿ. 30ರಿಂದ 50ಕ್ಕೆ ಏರಿಸುವ ಬೇಡಿಕೆಯನ್ನು ಬೇರೆಯೇ ಪ್ಯಾರಾದಲ್ಲಿ ಬರೆಯಿರಿ. ವರ್ಗೀಕರಣದ ವಿಷಯ ಎಷ್ಟೇ ಎಳೆದರೂ ಇದಕ್ಕೆ ಅದರ ಹಂಗಿಲ್ಲ, ಈಗಲೇ ಸಿಗಬೇಕಾದದ್ದು.

ಎರಡು ತಿಂಗಳು ಹೋಗಿದೆ ಅಂದರೆ ಇನ್ನು ನಾಲ್ಕು ಇದೆ ಅಂತ ಇಟ್ಟುಕೊಳ್ಳಿ. ಆರ್‌ಟಿಐ ಈ ವಾರವೇ ಹೋಗಲಿ. ಉತ್ತರಕ್ಕೆ ಕಾಯುತ್ತಾ ಕೂರಬೇಡಿ, ಅಷ್ಟರಲ್ಲಿ ಅಫಿಡವಿಟ್‌ಗಳನ್ನೂ ರೇಡಿಯಾಲಜಿ ವರದಿಯನ್ನೂ ಸಿದ್ಧ ಮಾಡಿ. ಕೇಸ್ ಶೀಟ್ ಸಿಗದೇ ಹೋದರೆ, ‘ಇಲ್ಲ’ ಅಂತ ಅವರು ಬರೆದುಕೊಡುವ ಆ ಪತ್ರವನ್ನೂ ಎತ್ತಿಡಿ. ಸರ್ಕಾರದ ಕೈಯಲ್ಲಿದ್ದ ಕಾಗದ ಸರ್ಕಾರವೇ ಇಟ್ಟಿಲ್ಲ ಅಂದರೆ ಅದರ ನಷ್ಟ ಸೈನಿಕನ ಮೇಲೆ ಬೀಳಬಾರದು ಅಂತ ವಾದಿಸಲು ಅದು ಬೇಕಾಗುತ್ತದೆ.

---

ಹಳೇ_ಹೆಡ್‌ಕ್ಲರ್ಕ್

ಒಂದು ಬಿಟ್ಟುಹೋಗಿತ್ತು. ಆರ್‌ಟಿಐನಲ್ಲಿ ಗಾಡಿಯ ಫೈಲ್ ಕೂಡ ಕೇಳಿ ಅಣ್ಣ. ಗಾಡಿ ನಷ್ಟವಾದರೆ ಅದಕ್ಕೆ ಕಾರಣ ಬರೆದು ಮಂಜೂರಾತಿ ಪಡೆಯದೆ ಲೆಕ್ಕದಿಂದ ತೆಗೆಯುವುದಿಲ್ಲ. ಅಲ್ಲಿ ‘ಶತ್ರುವಿನ ಶೆಲ್ ದಾಳಿಯಲ್ಲಿ ಹಾನಿ’ ಅಂತ ಬರೆದಿರುವ ಸಾಧ್ಯತೆ ಇದೆ, ಇಲ್ಲದಿದ್ದರೆ ಡ್ರೈವರ್‌ನ ತಪ್ಪು ಅಂತ ನಿಮ್ಮ ಮೇಲೆ ಕ್ರಮ ಆಗಬೇಕಿತ್ತು. ಆಗಿದೆಯಾ? ಇಲ್ಲ ಅಂದರೆ ಅದನ್ನೂ ಮನವಿಯಲ್ಲಿ ಬರೆಯಿರಿ. ಗಾಡಿಯ ಬಿಎ ನಂಬರ್ (ಸೇನೆಯ ನೋಂದಣಿ ಸಂಖ್ಯೆ) ನೆನಪಿದ್ದರೆ ಹಾಕಿ, ಇಲ್ಲದಿದ್ದರೆ ದಿನಾಂಕ, ಜಾಗ, ಯೂನಿಟ್ ಹೆಸರು ಸಾಕು.

---

ದ್ರಾಸ್‌_ಡ್ರೈವರ್

ಯಾವ ಕ್ರಮವೂ ಆಗಿಲ್ಲ ಅಣ್ಣ, ಒಂದು ಎಕ್ಸ್‌ಪ್ಲನೇಷನ್ ಕೂಡ ಕೇಳಿಲ್ಲ. ಬಿಎ ನಂಬರ್ ಬಾಯಲ್ಲೇ ಇದೆ, ಡ್ರೈವರ್ ಅದನ್ನು ಮರೆಯುತ್ತಾನಾ. ಇವತ್ತು ರಾತ್ರಿ ಮಗ ಬಂದು ಆರ್‌ಟಿಐ ಹಾಕಿಕೊಡುತ್ತಾನೆ. ಆಸ್ಪತ್ರೆಗೊಂದು, ರೆಕಾರ್ಡ್ಸ್‌ಗೊಂದು. ಉತ್ತರ ಬಂದ ತಕ್ಷಣ ಇಲ್ಲೇ ಹಾಕುತ್ತೇನೆ, ನೋಡಿ ಹೇಳಿ.